ನೋಡುವುದು ಬೇರೆ, ನೋಡಿಕೊಳ್ಳುವುದು ಬೇರೆ

‘ಯಾರು ನೋಡಿಕೊಳ್ಳುತ್ತಿದ್ದಾರೆ?’

ಪಾರ್ಶ್ವವಾಯು ಬಡಿದು ಮಲಗಿದವರ ಮನೆಯವರು ನನ್ನ ಚಿಕಿತ್ಸಾಲಯಕ್ಕೆ ಬಂದಾಗ ನಾನು ತಪ್ಪದೆ ಕೇಳುವ ಪ್ರಶ್ನೆ ಇದು. ಬರುವ ಉತ್ತರವೂ ಹೆಚ್ಚುಕಡಿಮೆ ಒಂದೇ. ‘ಮನೇಲಿ ನೋಡ್ಕತ್ತರ, ಸಾ.’ ಚಾಮರಾಜನಗರ, ಯಳಂದೂರು, ತಿ. ನರಸೀಪುರಗಳ ಕಡೆಯ ರಸ್ತೆಗಳು ಕೂಡುವ ಊರು ನಮ್ಮ ಸಂತೆಮರಹಳ್ಳಿ. ಯಾವ ರಸ್ತೆಯಿಂದ ಬಂದವರೂ ಹೀಗೆಯೇ ಹೇಳುತ್ತಾರೆ. ‘ಮನೇಲಿ’ ಎಂಬ ಹೆಸರಿನವರು ಯಾರೂ ಇಲ್ಲವಲ್ಲ ಎಂದು ಕೆದಕಿದರೆ, ಸ್ವಲ್ಪ ಹೊತ್ತಿನ ಮೇಲೆ ಒಬ್ಬ ಹೆಂಗಸು ಹೊರಬರುತ್ತಾಳೆ. ಹೆಂಡತಿ, ಸೊಸೆ, ಇಲ್ಲವೇ ಮದುವೆಯಾಗದೆ ಉಳಿದ ಮಗಳು.

ಅಂಥ ಒಬ್ಬ ಸೊಸೆಯ ವಿಷಯವನ್ನು ಮೊದಲು ಹೇಳಿಬಿಡುತ್ತೇನೆ. ಅವಳ ಮಾವನಿಗೆ ಎಪ್ಪತ್ತು ದಾಟಿತ್ತು. ಬಲಗೈ, ಬಲಗಾಲು ಬಿದ್ದುಹೋಗಿದ್ದವು, ಮಾತು ತೊದಲುತ್ತಿತ್ತು. ಎಂಟು ತಿಂಗಳ ಕಾಲ ಮಾತ್ರೆ ಬರೆಸಿಕೊಳ್ಳಲು, ಕೆಮ್ಮು ಬಂದರೆ, ಮೂತ್ರ ಕಟ್ಟಿದರೆ, ಆಕೆಯೇ ಬರುತ್ತಿದ್ದಳು. ಎರಡು ಸಲ ನಾನೂ ಅವರ ಮನೆಗೆ ಹೋಗಿದ್ದೆ. ಮುದುಕರ ಬೆನ್ನಿನಲ್ಲಿ ಒಂದೇ ಒಂದು ಹುಣ್ಣಿರಲಿಲ್ಲ. ಎಂಟು ತಿಂಗಳು ಮಲಗಿದವರ ಮೈ ಹಾಗಿರಬೇಕಾದರೆ ಅದರ ಹಿಂದೆ ಎಷ್ಟು ದುಡಿಮೆ ಇರುತ್ತದೆ ಎಂಬುದು ವೈದ್ಯರಿಗೆ ಗೊತ್ತು. ‘ನಿನ್ನಂಥ ಸೊಸೆ ಸಿಗಬೇಕಾದರೆ ಪುಣ್ಯ ಮಾಡಿರಬೇಕು’ ಎಂದು ಮೆಚ್ಚಿ ಹೇಳಿದ್ದೆ.

ಒಂದು ಬೆಳಿಗ್ಗೆ ಆಕೆಯನ್ನೇ ಆಟೋದಲ್ಲಿ ಮಲಗಿಸಿಕೊಂಡು ತಂದರು. ನೀರಿನ ಕೊಡ ಎತ್ತುವಾಗ ತಲೆ ತಿರುಗಿ ಬಿದ್ದಿದ್ದಳು. ಕಣ್ಣಿನ ರೆಪ್ಪೆ ಕೆಳಗೆಳೆದು ನೋಡಿದರೆ ಸುಣ್ಣದಂತೆ ಬಿಳುಪು. ಹಿಮೋಗ್ಲೋಬಿನ್ 6.2 ಗ್ರಾಂ ಇತ್ತು. ಗಂಡಸಿಗೆ 13, ಹೆಂಗಸಿಗೆ 12 ಇರಬೇಕಾದ್ದು. ಒಂದು ವರ್ಷದಿಂದ ಮುಟ್ಟಿನ ರಕ್ತಸ್ರಾವ ವಿಪರೀತವಾಗಿತ್ತಂತೆ. ‘ಯಾಕಮ್ಮಾ ಹೇಳಲಿಲ್ಲ?’ ಎಂದೆ. ‘ನೀವು ಮಾವನ ವಿಷಯ ಕೇಳ್ತಿದ್ರಿ, ಅದನ್ನ ಹೇಳ್ತಿದ್ದೆ’ ಎಂದಳು.

ಆ ಮಾತಿನಲ್ಲಿ ದೂರು ಇರಲಿಲ್ಲ. ಆದರೂ ನನಗೆ ಅದು ಚುಚ್ಚಿತು. ಎಂಟು ತಿಂಗಳಲ್ಲಿ ಹತ್ತು ಹನ್ನೆರಡು ಸಲವಾದರೂ ಆಕೆ ನನ್ನ ಎದುರಿನ ಸ್ಟೂಲಿನ ಮೇಲೆ ಕುಳಿತಿದ್ದಳು. ನೋಡುವುದೇ ನನ್ನ ವೃತ್ತಿ. ಆದರೂ ನಾನು ಆಕೆಯನ್ನು ನೋಡಿರಲಿಲ್ಲ. ಅಂದಿನಿಂದ ‘ನೋಡಿಕೊಳ್ಳುವುದು’, ‘ಆರೈಕೆ’ ಎಂಬ ಮಾತುಗಳ ಬಗ್ಗೆ ಯೋಚಿಸುತ್ತಿದ್ದೇನೆ. ನಾನು ಭಾಷಾ ಪಂಡಿತನಲ್ಲ. ಆದರೆ ದಿನಕ್ಕೆ ಹತ್ತು ಸಲ ಬಳಸುವ ಮಾತಿನ ಅರ್ಥ ಗೊತ್ತಿಲ್ಲದಿದ್ದರೆ ಔಷಧಿಯ ಹೆಸರು ತಿಳಿಯದೆ ಚೀಟಿ ಬರೆದಂತಲ್ಲವೇ?

ಮಾತಿನ ಒಳಗೇನಿದೆ?

‘ಆರೈಕೆ’ ಅಚ್ಚಗನ್ನಡದ ಮಾತು. ಅದರ ಮೂಲ ಹಳಗನ್ನಡದ ‘ಆರಯ್’. ಆ ಧಾತುವಿಗೆ ಹುಡುಕು, ವಿಚಾರಿಸು, ಪರಿಶೀಲಿಸು ಎಂಬ ಅರ್ಥಗಳೂ ಸಲಹು, ಪೋಷಿಸು ಎಂಬ ಅರ್ಥಗಳೂ ಇವೆ. ನಮ್ಮ ಜಿಲ್ಲೆಯ ಗಡಿ ದಾಟಿ ತಾಳವಾಡಿಯ ಕಡೆ ಹೋದರೆ ಕನ್ನಡದ ಜೊತೆ ತಮಿಳೂ ಕಿವಿಗೆ ಬೀಳುತ್ತದೆ. ಆ ತಮಿಳಿನಲ್ಲಿ ಇದೇ ಬೇರಿನಿಂದ ಹುಟ್ಟಿದ ‘ಆರಾಯ್ಚಿ’ ಎಂದರೆ ಸಂಶೋಧನೆ! ವಿಶ್ವವಿದ್ಯಾನಿಲಯದಲ್ಲಿ ಪಂಡಿತರು ಮಾಡುವ ಕೆಲಸಕ್ಕೂ ನಮ್ಮ ಹಟ್ಟಿಯಲ್ಲಿ ಅಜ್ಜಿಯ ಮಗ್ಗುಲು ಬದಲಿಸುವ ಹೆಂಗಸಿನ ಕೆಲಸಕ್ಕೂ ಬೇರು ಒಂದೇ. ಇದು ವಿಚಿತ್ರವೆನಿಸಿದರೆ ಇಂದಿನ ಬಳಕೆಯನ್ನೇ ನೋಡಿ. ‘ಬೀಗರು ನಮ್ಮನ್ನು ಚೆನ್ನಾಗಿ ವಿಚಾರಿಸಿಕೊಂಡರು’ ಎನ್ನುತ್ತೇವೆ. ವಿಚಾರಿಸುವುದು ಎಂದರೆ ಕೇಳಿ ತಿಳಿಯುವುದು. ವಿಚಾರಿಸಿಕೊಳ್ಳುವುದು ಎಂದರೆ ಬೇಕು ಬೇಡ ತಿಳಿದು ಉಪಚರಿಸುವುದು.

‘ಶುಶ್ರೂಷೆ’ ಸಂಸ್ಕೃತದ್ದು. ‘ಶ್ರು’ ಎಂದರೆ ಕೇಳು; ಶುಶ್ರೂಷೆ ಎಂದರೆ ಕೇಳಬೇಕೆಂಬ ಇಚ್ಛೆ. ಗುರುವಿನ ಮಾತಿಗೆ ಕಿವಿಗೊಟ್ಟು ಕುಳಿತ ಶಿಷ್ಯನ ಗುಣವನ್ನು ಹೇಳುವ ಈ ಮಾತು ಕ್ರಮೇಣ ಸೇವೆ ಎಂದಾಗಿ, ಕೊನೆಗೆ ರೋಗಿಯ ಸೇವೆ ಎಂದಾಯಿತು. ಆಸ್ಪತ್ರೆಯ ದಾದಿಯರನ್ನು ಇಂದು ‘ಶುಶ್ರೂಷಾಧಿಕಾರಿ’ ಎನ್ನುತ್ತಾರೆ. ಕೇಳುವ ಇಚ್ಛೆಯೇ ಒಂದು ಅಧಿಕಾರ ಎಂದು ಆ ಪದವನ್ನು ನಾನು ಅರ್ಥ ಮಾಡಿಕೊಳ್ಳುತ್ತೇನೆ.

‘ಉಪಚಾರ’ದಲ್ಲಿ ‘ಉಪ’ ಎಂದರೆ ಹತ್ತಿರ, ‘ಚರ’ ಎಂದರೆ ನಡೆ. ಬಳಿಗೆ ಹೋಗುವುದೇ ಉಪಚಾರ. ಈ ಒಳ್ಳೆಯ ಮಾತಿನಿಂದಲೇ ‘ಔಪಚಾರಿಕ’ ಎಂಬ ಪೊಳ್ಳು ಮಾತೂ ಹುಟ್ಟಿತು. ರೋಗಿಯನ್ನು ನೋಡಲು ಬಿಸ್ಕತ್ತು, ಕಿತ್ತಳೆ ಹಿಡಿದು ಬಂದು, ಮಂಚದಿಂದ ಮಾರುದೂರ ಕುಳಿತು, ಆ ಮನೆಯ ಹೆಂಗಸಿನ ಕೈಯಲ್ಲೇ ಕಾಫಿ ಮಾಡಿಸಿಕೊಂಡು ಕುಡಿದು ಹೋಗುವುದು ಔಪಚಾರಿಕ. ಹತ್ತು ನಿಮಿಷ ಅವಳನ್ನು ಒಲೆಯ ಮುಂದಿನಿಂದ ಏಳಿಸಿ ತಾನು ರೋಗಿಗೆ ಗಂಜಿ ಕುಡಿಸಿದರೆ ಅದು ಉಪಚಾರ.

ಇನ್ನು ಈಗ ಎಲ್ಲರ ಬಾಯಲ್ಲೂ ಇರುವ ‘ಕಾಳಜಿ’. ಇದು ಮರಾಠಿಯಿಂದ ಬಂದದ್ದು. ಅಲ್ಲಿ ಚಿಂತೆ ಎಂಬ ಅರ್ಥವೂ ಇದೆ. ಆ ಅರ್ಥ ಕನ್ನಡದಲ್ಲಿಯೂ ಉಳಿದಿದೆ. ಬೆಂಗಳೂರಿನಿಂದ ಫೋನು ಮಾಡುವ ಮಗ, ‘ಡಾಕ್ಟ್ರೇ, ಅಮ್ಮನ ಬಗ್ಗೆ ನನಗೆ ತುಂಬಾ ಕಾಳಜಿ ಇದೆ’ ಎನ್ನುತ್ತಾನೆ. ಸುಳ್ಳಲ್ಲ, ಇದೆ. ಆದರೆ ಕಾಳಜಿ ಮನಸ್ಸಿನಲ್ಲಿದ್ದರೆ ಸಾಕು. ಆರೈಕೆಗೆ ಕಣ್ಣು, ಕಿವಿ, ಕೈ ಮೂರೂ ಬೇಕು.

ಎಲ್ಲಕ್ಕಿಂತ ಸರಳವಾದದ್ದು ನಮ್ಮ ಹಳ್ಳಿಯ ಮಾತು, ‘ನೋಡಿಕೊಳ್ಳುವುದು’. ಡಾಕ್ಟರು ನೋಡುತ್ತಾರೆ, ಮನೆಯವರು ನೋಡಿಕೊಳ್ಳುತ್ತಾರೆ. ನಡುವೆ ಸೇರಿರುವುದು ‘ಕೊಳ್ಳು’ ಎಂಬ ಪುಟ್ಟ ಮಾತು. ಕೊಳ್ಳು ಎಂದರೆ ತೆಗೆದುಕೋ, ತನ್ನದಾಗಿಸಿಕೋ. ನಾನು ಐದು ನಿಮಿಷ ನೋಡಿ ಮುಂದಿನ ರೋಗಿಯನ್ನು ಕರೆಯುತ್ತೇನೆ. ನೋಡಿಕೊಳ್ಳುವವಳು ನೋಡಿದ್ದನ್ನೆಲ್ಲ ತನ್ನ ಮೇಲೆ ಹಾಕಿಕೊಂಡು ಮನೆಗೆ ಹೋಗುತ್ತಾಳೆ.

ಕಣ್ಣು ಮಾಡುವ ಕೆಲಸ

ಆರೈಕೆ ಎಂದರೆ ಪ್ರೀತಿ ಎಂದು ನಾವು ತಿಳಿದಿದ್ದೇವೆ. ಪ್ರೀತಿ ಬೇಕು, ಆದರೆ ಪ್ರೀತಿಯೊಂದೇ ಬೆನ್ನಿನ ಹುಣ್ಣನ್ನು ತಡೆಯುವುದಿಲ್ಲ. ತಡೆಯುವುದು ನೋಟ. 1859ರಲ್ಲಿ ದಾದಿಯರ ವೃತ್ತಿಯ ಬಗ್ಗೆ ಪುಸ್ತಕ ಬರೆದ ಫ್ಲಾರೆನ್ಸ್ ನೈಟಿಂಗೇಲ್, ರೋಗಿಯನ್ನು ಗಮನಿಸುವುದಕ್ಕೆಂದೇ ಒಂದು ಅಧ್ಯಾಯವನ್ನು ಮೀಸಲಿಟ್ಟಿದ್ದಳು. ಓದು ಬರಹ ಬಾರದ ನಮ್ಮ ಎಷ್ಟೋ ಹೆಂಗಸರು ಆ ವಿದ್ಯೆಯನ್ನು ಮಂಚದ ಪಕ್ಕದಲ್ಲೇ ಕಲಿತಿದ್ದಾರೆ.

ಮನೆಯಲ್ಲಿ ಹಾಸಿಗೆ ಹಿಡಿದವರಿದ್ದರೆ ದಿನವೂ ಗಮನಿಸಬೇಕಾದ ಕೆಲವು ಸಂಗತಿಗಳು ಇವು:

ಚರ್ಮ: ಟೊಂಕದ ಹಿಂಭಾಗ, ಸೊಂಟದ ಎರಡು ಮಗ್ಗುಲು, ಹಿಮ್ಮಡಿ, ಮೊಣಕೈ, ಭುಜ, ತಲೆಯ ಹಿಂಭಾಗ ಇವನ್ನು ಬೆಳಕಿನಲ್ಲಿ ನೋಡಿ. ಕೆಂಪಾದ ಜಾಗವನ್ನು ಬೆರಳಿನಿಂದ ಒತ್ತಿ ಬಿಟ್ಟಾಗ ಆ ಬಣ್ಣ ಮಾಸದಿದ್ದರೆ ಹುಣ್ಣು ಆರಂಭವಾಗಿದೆ ಎಂದೇ ತಿಳಿಯಿರಿ. ಕಪ್ಪು ಮೈಬಣ್ಣದವರಲ್ಲಿ ಕೆಂಪು ಕಾಣದು. ಅಲ್ಲಿ ಚರ್ಮ ಬಿಸಿಯಾಗಿದೆಯೇ, ಗಟ್ಟಿಯಾಗಿದೆಯೇ, ಸುತ್ತಲಿಗಿಂತ ಹೆಚ್ಚು ಕಪ್ಪಾಗಿದೆಯೇ ಎಂದು ಮುಟ್ಟಿ ನೋಡಿ. ಸಾಮಾನ್ಯವಾಗಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ. ಕೆಂಪಾದ ಜಾಗವನ್ನು ತಿಕ್ಕಬಾರದು. ಗಾಳಿ ತುಂಬಿದ ರಬ್ಬರ್ ಬಳೆಯ ಮೇಲೆ ಕೂರಿಸುವುದು ಒಳ್ಳೆಯದಲ್ಲ. ಅದರ ಅಂಚು ಒತ್ತಿ ರಕ್ತದ ಹರಿವಿಗೆ ಅಡ್ಡಿಯಾಗುತ್ತದೆ.

ನುಂಗುವಿಕೆ: ಪಾರ್ಶ್ವವಾಯು ಆದವರಿಗೆ ಮಲಗಿಸಿ ಉಣಿಸಬೇಡಿ. ನೆಟ್ಟಗೆ ಕೂರಿಸಿ, ಚಿಕ್ಕ ತುತ್ತು ಕೊಡಿ. ಉಂಡ ಮೇಲೂ ಅರ್ಧ ಗಂಟೆ ಕೂತಿರಲಿ. ನೀರು ಕುಡಿದೊಡನೆ ಕೆಮ್ಮು ಬಂದರೆ, ದನಿ ಗೊರಗೊರ ಎಂದರೆ ಬಾಯಿಂದ ಕೊಡುವುದನ್ನು ನಿಲ್ಲಿಸಿ ವೈದ್ಯರಿಗೆ ತಿಳಿಸಿ. ಶ್ವಾಸಕೋಶಕ್ಕೆ ಹೋದ ಗಂಜಿಯೇ ಮುಂದೆ ನ್ಯುಮೋನಿಯಾ ಆಗಿ ಕಾಡುತ್ತದೆ.

ಕೈ: ಬಿದ್ದ ಕೈಯನ್ನು ಹಿಡಿದೆಳೆದು ಎಬ್ಬಿಸಬೇಡಿ, ಭುಜದ ಕೀಲು ಸಡಿಲವಾಗುತ್ತದೆ. ಬೆನ್ನಿನ ಹಿಂದೆ ಆಸರೆ ಕೊಟ್ಟು ಎಬ್ಬಿಸಿ.

ಮುಖ: ಮಾತು ಬಾರದವರ ನೋವು ಹುಬ್ಬಿನಲ್ಲಿ ಕಾಣುತ್ತದೆ. ಬಟ್ಟೆ ಬದಲಿಸುವಾಗ ಯಾವ ಗಳಿಗೆಯಲ್ಲಿ ಮುಖ ಕಿವುಚಿತು ಎಂದು ನೋಡಿಟ್ಟುಕೊಂಡರೆ ನನ್ನಂಥವರಿಗೆ ಅರ್ಧ ರೋಗನಿದಾನ ಆದಂತೆ.

‘ನೆನ್ನೆಯಿಂದ ಅವರು ನನ್ನ ಕಡೆ ತಿರುಗಿ ನೋಡ್ತಿಲ್ಲ ಡಾಕ್ಟ್ರೇ’ ಎಂಬ ಒಂದು ಮಾತಿನಿಂದ ಎರಡನೆಯ ಪಾರ್ಶ್ವವಾಯು ಗೊತ್ತಾದದ್ದುಂಟು. ಯಾವ ಯಂತ್ರವೂ ಹೇಳುವ ಮುಂಚೆ ಹೇಳಿದ್ದು ಮಂಚದ ಪಕ್ಕದ ಕಣ್ಣು. ಇದು ಸಂಶೋಧನೆ ಅಲ್ಲದೆ ಮತ್ತೇನು?

ಬಾಣಂತನಕ್ಕೆ ಹೆಸರಿದೆ, ಮುಪ್ಪಿಗಿಲ್ಲ

ನಮ್ಮವರಿಗೆ ಆರೈಕೆಯ ವ್ಯವಸ್ಥೆ ಗೊತ್ತಿಲ್ಲವೆಂದಲ್ಲ. ‘ಬಾಣಂತನ’ ಎಂಬ ಒಂದೇ ಮಾತಿನಲ್ಲಿ ಎಷ್ಟಿದೆ ನೋಡಿ. ಯಾರ ಮನೆಯಲ್ಲಿ, ಯಾರು ಮಾಡಬೇಕು, ಎಷ್ಟು ತಿಂಗಳು, ಏನು ಉಣಿಸಬೇಕು, ನೀರು ಯಾರು ಹಾಕಬೇಕು, ಎಲ್ಲವೂ ಅದರೊಳಗೆ ಅಡಗಿದೆ. ಬಾಣಂತಿ ಮಲಗಿದ್ದರೆ ‘ಏನು ಸದಾ ಮಲಗಿರ್ತಾಳೆ’ ಎಂದು ಯಾರೂ ಅನ್ನುವುದಿಲ್ಲ. ನೀರು ಕುಡಿಯಬಾರದು, ಹಣ್ಣು ತಿನ್ನಬಾರದು, ಕೋಣೆ ತುಂಬ ಹೊಗೆ ಹಾಕಬೇಕು ಎಂಬಂಥ ತಪ್ಪು ಪಥ್ಯಗಳು ಅದರಲ್ಲಿ ಇವೆ, ಅವನ್ನು ಬಿಡಬೇಕು. ಆದರೆ ದಣಿದ ಜೀವಕ್ಕೆ ಸರದಿಯ ಮೇಲೆ ನಾಲ್ಕು ಕೈ ಆಸರೆಯಾಗಬೇಕು ಎಂಬ ಆ ತಿಳಿವಳಿಕೆ ದೊಡ್ಡದು.

ಮುಪ್ಪಿನಲ್ಲಿ ಹಾಸಿಗೆ ಹಿಡಿದವರ ಆರೈಕೆಗೆ ಇಂಥದೊಂದು ಹೆಸರೇ ಇಲ್ಲ. ಹಿಂದೆ ಇಷ್ಟು ಜನ ಇಷ್ಟು ವರ್ಷ ಬದುಕುತ್ತಿರಲಿಲ್ಲ. ಹೆಸರಿನ ಅಗತ್ಯ ಬಿದ್ದಿರಲಿಕ್ಕಿಲ್ಲ. ಈಗ ಸಕ್ಕರೆ ಕಾಯಿಲೆ, ರಕ್ತದೊತ್ತಡಗಳ ನಡುವೆಯೂ ಜನ ಎಂಬತ್ತು ದಾಟುತ್ತಿದ್ದಾರೆ. ಇದು ಸಂತೋಷದ ಸಂಗತಿಯೇ. ಆದರೆ ಕೆಲಸ ಬಂತು, ಅದಕ್ಕೆ ಹೆಸರು ಬರಲಿಲ್ಲ, ಅವಧಿ ಬರಲಿಲ್ಲ, ಪಾಲು ಬರಲಿಲ್ಲ. ಹೆಸರಿಲ್ಲದ ಕೆಲಸ ಮನೆಯಲ್ಲಿ ಬಾಯಿ ಸತ್ತವರ ತಲೆಗೆ ಕಟ್ಟಿಕೊಳ್ಳುತ್ತದೆ.

2019ರಲ್ಲಿ ಕೇಂದ್ರ ಸರ್ಕಾರ ದೇಶದಾದ್ಯಂತ ನಡೆಸಿದ ಸಮಯ ಬಳಕೆ ಸಮೀಕ್ಷೆಯಲ್ಲಿ, ಮನೆಯವರ ಆರೈಕೆಯಲ್ಲಿ ತೊಡಗಿದ ಹೆಂಗಸರು ಅದಕ್ಕಾಗಿ ದಿನಕ್ಕೆ ಸರಾಸರಿ 134 ನಿಮಿಷ ಕಳೆಯುತ್ತಿದ್ದರು. ಹಾಗೆ ತೊಡಗಿದ ಗಂಡಸರು 76 ನಿಮಿಷ. ಮಕ್ಕಳ ಆರೈಕೆಯೂ ಇದರಲ್ಲಿ ಸೇರಿದೆ. ಅಡಿಗೆ, ಕಸ, ಪಾತ್ರೆ, ಬಟ್ಟೆಯ ಕೆಲಸ ಇದರಿಂದ ಹೊರತು, ಅದರ ಲೆಕ್ಕ ಬೇರೆ.

ಪುಣ್ಯದ ಮಾತು ಸಾಕು

ಇಲ್ಲಿ ನನ್ನ ಅಭಿಪ್ರಾಯವನ್ನು ಸ್ಪಷ್ಟವಾಗಿ ಹೇಳುತ್ತೇನೆ. ನೋಡಿಕೊಳ್ಳುವವಳನ್ನು ‘ಪುಣ್ಯಾತ್ಗಿತ್ತಿ’, ‘ದೇವತೆ’ ಎಂದು ಹೊಗಳುವುದನ್ನು ನಾವು ಕಡಿಮೆ ಮಾಡಬೇಕು. ನಾನೂ ಹೊಗಳಿದ್ದೆ, ಅದಕ್ಕೇ ಹೇಳುತ್ತಿದ್ದೇನೆ. ದೇವತೆಗೆ ನಿದ್ದೆ ಬೇಕಾಗಿಲ್ಲ, ಬೆನ್ನು ನೋವು ಬರುವುದಿಲ್ಲ, ಸಿಟ್ಟು ಬರುವಂತಿಲ್ಲ. ಹಾಗೆಂದು ಪಟ್ಟ ಕಟ್ಟಿದ ಮೇಲೆ ಆಕೆ ‘ನನಗೆ ಸಾಕಾಗಿದೆ’ ಎಂದು ಯಾರ ಮುಂದೆ ಹೇಳಬೇಕು? ರಾತ್ರಿ ಮೂರು ಸಲ ಎದ್ದು ಬಟ್ಟೆ ಬದಲಿಸಿದವಳಿಗೆ ನಾಲ್ಕನೆಯ ಸಲ ಸಿಟ್ಟು ಬರುವುದು ಪಾಪವಲ್ಲ, ದೇಹಧರ್ಮ. ‘ಇವರು ಬೇಗ ಹೋಗಿಬಿಡಬಾರದೇ ಅಂತ ಒಮ್ಮೊಮ್ಮೆ ಅನ್ನಿಸ್ತದೆ’ ಎಂದು ನನ್ನ ಮುಂದೆ ಅತ್ತವರಿದ್ದಾರೆ. ಅವರಲ್ಲಿ ಕೆಟ್ಟವರನ್ನು ನಾನು ಕಂಡಿಲ್ಲ, ಕಂಡದ್ದು ನಿದ್ದೆಗೆಟ್ಟವರನ್ನು.

ದೂರದಲ್ಲಿರುವ ಮಕ್ಕಳನ್ನು ಬೈಯುವುದೂ ನನ್ನ ಉದ್ದೇಶವಲ್ಲ. ಬೆಂಗಳೂರಿನ ಗಾರ್ಮೆಂಟ್ಸಿನಲ್ಲಿ ದುಡಿಯುವವರು ತಿಂಗಳುಗಟ್ಟಲೆ ರಜ ಹಾಕಿ ಬರುವುದು ಸಾಧ್ಯವಿಲ್ಲ. ಹೆತ್ತವರ ಮತ್ತು ಹಿರಿಯ ನಾಗರಿಕರ ಪೋಷಣೆಗೆ 2007ರಲ್ಲಿ ಬಂದ ಕಾಯ್ದೆ ಮಕ್ಕಳಿಂದ ಜೀವನಾಂಶ ಕೊಡಿಸಬಲ್ಲದು. ಮಗ್ಗುಲು ಬದಲಿಸು ಎಂದು ಯಾವ ಕಾಯ್ದೆಯೂ ಆಜ್ಞೆ ಮಾಡಲಾರದು. ಆದರೆ ಕಳಿಸುವ ಹಣದ ಜೊತೆ, ಊರಿನಲ್ಲಿ ಇರುವವಳಿಗೆ ವಾರಕ್ಕೆ ಒಂದು ಪೂರ್ತಿ ರಾತ್ರಿಯ ನಿದ್ದೆ ಸಿಗುವಂತೆ ಯಾರನ್ನಾದರೂ ನೇಮಿಸಬಹುದು. ದೀಪಾವಳಿಗೆ ಬಂದಾಗ ನಾಲ್ಕು ದಿನ ತಾವೇ ಮಂಚದ ಪಕ್ಕ ಮಲಗಬಹುದು. ಫೋನು ಮಾಡಿದಾಗ ‘ಅಪ್ಪ ಹೇಗಿದ್ದಾರೆ?’ ಎಂದು ಕೇಳಿದ ಮೇಲೆ ‘ನೀನು ಹೇಗಿದ್ದೀಯ?’ ಎಂದೂ ಕೇಳಬಹುದು.

ಪಕ್ಕದವರಿಂದ ಕಲಿಯಬಹುದು

ಗುಂಡ್ಲುಪೇಟೆ ದಾಟಿ ಬಂಡೀಪುರದ ಕಾಡಿನ ಆಚೆಗೆ ಹೋದರೆ ವಯನಾಡು. ಕೇರಳದಲ್ಲಿ ಉಪಶಮನ ಆರೈಕೆ, ಅಂದರೆ ವಾಸಿಯಾಗದ ಕಾಯಿಲೆಯವರ ನೋವು ಕಡಿಮೆ ಮಾಡುವ ಆರೈಕೆ, 1993ರಲ್ಲಿ ಕೋಝಿಕ್ಕೋಡಿನಲ್ಲಿ ಒಂದು ಸಣ್ಣ ಸಂಘವಾಗಿ ಆರಂಭವಾಯಿತು. 2001ರ ಹೊತ್ತಿಗೆ ಅದು ನೆರೆಹೊರೆಯವರ ಜಾಲವಾಗಿ ಬೆಳೆಯಿತು. ಊರಿನವರೇ ತರಬೇತಿ ಪಡೆದು, ತಮ್ಮ ಬೀದಿಯ ರೋಗಿಯ ಮನೆಗೆ ಸರದಿಯಂತೆ ಹೋಗುತ್ತಾರೆ. 2008ರಲ್ಲಿ ಅಲ್ಲಿನ ಸರ್ಕಾರ ಇದಕ್ಕೆಂದೇ ಒಂದು ನೀತಿಯನ್ನು ತಂದಿತು. ನಮ್ಮಲ್ಲೂ ಕೆಲಸ ನಡೆದಿಲ್ಲವೆಂದಲ್ಲ. 1994ರಲ್ಲಿ ಹುಟ್ಟಿದ ಬೆಂಗಳೂರು ಹಾಸ್ಪೈಸ್ ಟ್ರಸ್ಟ್ ನಡೆಸುವ ‘ಕರುಣಾಶ್ರಯ’ ಕೊನೆಯ ಹಂತದ ಕ್ಯಾನ್ಸರ್ ರೋಗಿಗಳನ್ನು ಹಣ ಪಡೆಯದೆ ನೋಡಿಕೊಳ್ಳುತ್ತದೆ. ಆಯುಷ್ಮಾನ್ ಆರೋಗ್ಯ ಮಂದಿರಗಳು ಕೊಡಬೇಕಾದ 12 ಬಗೆಯ ಸೇವೆಗಳ ಪಟ್ಟಿಯಲ್ಲಿ ವೃದ್ಧರ ಆರೈಕೆ, ಉಪಶಮನ ಆರೈಕೆ ಸೇರಿವೆ. ಪಟ್ಟಿಯಲ್ಲಿರುವುದು ಮನೆ ಬಾಗಿಲಿಗೆ ಬರಬೇಕಾದರೆ ನಾವು ಕೇಳಬೇಕು. ನಿಮ್ಮೂರಿನ ಆಶಾ ಕಾರ್ಯಕರ್ತೆಗೆ, ಗ್ರಾಮಸಭೆಯಲ್ಲಿ ಪಂಚಾಯಿತಿಗೆ ಕೇಳಿ.

ಮನೆಯಲ್ಲಿ ನೋಡಿಕೊಳ್ಳುವವರಿಗೂ ಕೆಲವು ಮಾತು. ರೋಗಿಗೆ ಬಿಪಿ, ಸಕ್ಕರೆ ನೋಡಿಸಲು ಬಂದಾಗ ನಿಮ್ಮದನ್ನೂ ನೋಡಿಸಿ. ಆರು ತಿಂಗಳಿಗೊಮ್ಮೆ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ರೋಗಿ ಉಂಡು ಮಿಕ್ಕಿದ್ದು ನಿಮ್ಮ ಊಟವಲ್ಲ. ಅವರಿಗೆ ಮೊಟ್ಟೆ, ಬೇಳೆ, ಸೊಪ್ಪು ಬೇಕಾದಷ್ಟೇ ನಿಮಗೂ ಬೇಕು. ಎತ್ತುವಾಗ ಸೊಂಟ ಬಗ್ಗಿಸದೆ ಮಂಡಿ ಬಗ್ಗಿಸಿ. ಎರಡು ವಾರ ಮೀರಿ ನಿದ್ದೆ ಬಾರದಿದ್ದರೆ, ಯಾವುದೂ ಬೇಡವೆನಿಸಿದರೆ ಅದನ್ನು ಹಣೆಬರಹವೆಂದು ಬಿಡಬೇಡಿ, ವೈದ್ಯರಿಗೆ ಹೇಳಿ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು, ಅದಕ್ಕೆ ದುಡ್ಡಿಲ್ಲ.

ಆ ಸೊಸೆಯ ವಿಷಯ ಮುಗಿಸುತ್ತೇನೆ. ಆಕೆಯನ್ನು ಚಾಮರಾಜನಗರಕ್ಕೆ ಕಳಿಸಿ ರಕ್ತ ಕೊಡಿಸಬೇಕಾಯಿತು. ಗರ್ಭಕೋಶದಲ್ಲಿ ಗಡ್ಡೆಯಿತ್ತು, ಅದಕ್ಕೂ ಚಿಕಿತ್ಸೆಯಾಯಿತು. ಆಸ್ಪತ್ರೆಯಲ್ಲಿದ್ದ ದಿನಗಳಲ್ಲಿ ಮುದುಕರನ್ನು ಯಾರು ನೋಡಿಕೊಂಡರು ಎನ್ನುತ್ತೀರಾ? ಅವರ ಮಗನೇ. ಮೊದಲ ದಿನ ತಂದೆಯ ಬಟ್ಟೆ ಬದಲಿಸಲು ಬಾರದೆ ನನಗೆ ಫೋನು ಮಾಡಿದ್ದ. ಐದನೆಯ ದಿನ ಅವನೇ, ‘ಎಡಗಡೆ ಹಿಮ್ಮಡಿ ಸ್ವಲ್ಪ ಕೆಂಪಗದೆ ಸಾ, ಒತ್ತಿದ್ರೂ ಹೋಗ್ತಿಲ್ಲ’ ಎಂದ. ಅವನೂ ನೋಡುವುದರಿಂದ ನೋಡಿಕೊಳ್ಳುವುದಕ್ಕೆ ದಾಟಿದ್ದ.

ಹೆಂಡತಿ ಮನೆಗೆ ಮರಳಿದ ಮೇಲೆ ಎಂದಿನಂತೆ ಎಲ್ಲವೂ ಅವಳ ತಲೆಗೇ ಬರುತ್ತದೆಂದು ನಾನು ಅಂದುಕೊಂಡಿದ್ದೆ. ಅವನು ರಾತ್ರಿಯ ಪಾಳಿಯನ್ನು ತಾನೇ ಇಟ್ಟುಕೊಂಡ. ಕಾಲುವೆಯ ನೀರಿಗೆ ಪಾಳಿ ಕಟ್ಟುವುದು ನಮ್ಮ ರೈತರಿಗೆ ಯಾರೂ ಕಲಿಸಬೇಕಾಗಿಲ್ಲ. ಒಬ್ಬನ ಗದ್ದೆಯೇ ನೀರನ್ನೆಲ್ಲ ಕುಡಿಯಬಾರದು, ಒಬ್ಬನೇ ರಾತ್ರಿಯೆಲ್ಲ ತೂಬು ಕಾಯಬಾರದು ಎಂದು ಪಾಳಿ. ಹೆತ್ತವರ ಮಂಚಕ್ಕೂ ಅದೇ ನ್ಯಾಯ ಸಾಕು.

ನಾನೂ ನನ್ನ ಪ್ರಶ್ನೆಯನ್ನು ತಿದ್ದಿಕೊಂಡಿದ್ದೇನೆ. ‘ಯಾರು ನೋಡಿಕೊಳ್ಳುತ್ತಿದ್ದಾರೆ?’ ಎಂದು ಕೇಳಿ, ಆ ಹೆಂಗಸು ಸ್ಟೂಲಿನ ಮೇಲೆ ಕುಳಿತ ಕೂಡಲೇ ಇನ್ನೊಂದು ಪ್ರಶ್ನೆ ಕೇಳುತ್ತೇನೆ: ‘ನಿನ್ನನ್ನು ಯಾರಮ್ಮ ನೋಡಿಕೊಳ್ಳುತ್ತಿದ್ದಾರೆ?’ ಬಹಳ ಜನ ನಕ್ಕುಬಿಡುತ್ತಾರೆ. ಆಮೇಲೆ ನಾನು ಅವರ ಕಣ್ಣಿನ ರೆಪ್ಪೆಯನ್ನು ಕೆಳಗೆಳೆದು ನೋಡುತ್ತೇನೆ.